ಲಘು-ಗುರು ತಟ್ಟಿಸಿ ಓದು ಹತ್ತಿಸಿದ್ದು: ನನ್ನ ಅನುಭವ

"ಕತ್ತೆ" ಅಂದ್ರೆ "ಕತೆ" ಅಂತ, "ಹಾಲು" ಅಂದ್ರೆ "ಹಲು" ಅಂತ ಬರೆಯೋ ಮಕ್ಕಳನ್ನ ಇಟ್ಕೊಂಡು ಏಗ್ತಿರೋರಿಗೆ ಇದು. ಡಿಸ್‌ಲೆಕ್ಸಿಯಾ ಅಂದ್ರೆ ಇದೇ, ಬುದ್ಧಿ ಇದ್ರೂ ಓದು-ಬರಹ ಹತ್ತದೇ ಇರೋದು. ಮಲೆನಾಡಿನ ಕೊಪ್ಪದ ಹತ್ರ ಅಜ್ಜನ ಹಳೇ ಮನೇಲಿ ನಾನು, ನನ್ನ ಹೆಂಡ್ತಿ ಸೇರಿ ಇಂಥ ಮಕ್ಕಳಿಗೆ ಹಾಸ್ಟೆಲ್ ಸಮೇತ ಶಾಲೆ ನಡೆಸ್ತಿದೀವಿ. 2014ರಲ್ಲಿ ಮೂರು ಹುಡುಗ್ರು, ಈಗ ಹದಿನಾಲ್ಕು ಮಕ್ಕಳು. ಊರೋರು ಇಟ್ಟ ಹೆಸರು "ದಡ್ಡರ ಮಠ". ಹೋದ ವರ್ಷ ನಮ್ಮ ನಾಲ್ಕು ಜನ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇದು ಪಾಸಾದ್ಮೇಲೆ ಆ ಹೆಸರು ಸ್ವಲ್ಪ ಮೆತ್ತಗಾಗಿದೆ, ಹೋಗಿಲ್ಲ.

ಮೊದಲ ಮೂರು ವರ್ಷ ಬರೀ ದುಡ್ಡು ಸುಟ್ಟಿದ್ದು. ಹೊರಗಿಂದ ತರಿಸಿದ ಇಂಗ್ಲಿಷ್ ಕಿಟ್ಟಿಗೆ ಮೂವತ್ತೋ ಮೂವತ್ತೆರಡೋ ಸಾವಿರ ಕೊಟ್ಟೆ. ಬಿ-ಡಿ ತಿರುಗಾಮುರುಗಾ ಆಗೋದಕ್ಕೆ ಅದ್ರಲ್ಲಿ ಬೇಕಾದಷ್ಟು ಆಟ, ನಮ್ಮ ಮಕ್ಕಳ ಕಷ್ಟ ಅದಲ್ವೇ ಅಲ್ಲ, ನಮ್ಮ ಮಕ್ಕಳದ್ದು ದೀರ್ಘ, ಒತ್ತು, ಅರ್ಕಾವೊತ್ತು. ಬಣ್ಣದ ಪ್ಲಾಸ್ಟಿಕ್ ಹಾಳೆ ಪುಸ್ತಕದ ಮೇಲಿಟ್ಟು ಓದಿಸಿದ್ರೆ ಅಕ್ಷರ ಕುಣಿಯೋದು ನಿಲ್ಲುತ್ತೆ ಅಂದ್ರು, ಅದಕ್ಕೊಂದು ನಾಲ್ಕು ಸಾವಿರ, ಏನೂ ಆಗ್ಲಿಲ್ಲ, ಆ ಹಾಳೆ ಈಗ ಹೆಂಡ್ತಿಯ ಸಾಂಬಾರ್ ಡಬ್ಬಿ ಕೆಳಗಿದೆ. ಮರಳಲ್ಲಿ ಬರೆಸೋದು ಎಲ್ರೂ ಮಾಡ್ತಾರಲ್ಲ, ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮರಳು ಒಣಗೋದೇ ಇಲ್ಲ, ಸರಿ ಅಂತ ರಾಗಿ ಹಿಟ್ಟು ತಟ್ಟೇಲಿ ಹರಡಿದೆ, ಇರುವೆ ಬಂತು, ರಂಗೋಲಿ ಪುಡಿ ಇಟ್ಟೆ, ಒಬ್ಬ ಕಣ್ಣಿಗೆ ಹಾಕ್ಕೊಂಡ.

ಇದಕ್ಕಿಂತ ದೊಡ್ಡ ಸೋಲು ಎರಡನೇ ವರ್ಷದ್ದು. ಹಾಸನದ ಕಡೆಯ ಹುಡುಗ, ಮನೆ ನೆನಪಾಗಿ ಬೆಳಗಿನ ಜಾವ ಎದ್ದು ಮಳೇಲಿ ಏಳು ಕಿಲೋಮೀಟರ್ ನಡ್ಕೊಂಡು ಕೊಪ್ಪ ಬಸ್‌ಸ್ಟ್ಯಾಂಡಿಗೆ ಹೋಗ್ಬಿಟ್ಟ. ನಾವು ಹೋಗೋ ಹೊತ್ತಿಗೆ ಹತ್ತು ಗಂಟೆ. ಬೆಂಚ್ ಮೇಲೆ ಕೂತಿದ್ದ, ಜೇಬಲ್ಲಿ ದುಡ್ಡೂ ಇತ್ತು, ಆದ್ರೆ ಬೋರ್ಡ್ ಓದೋಕೆ ಬರ್ದೆ ಯಾವ ಬಸ್ಸು ಅಂತ ಗೊತ್ತಾಗಿಲ್ಲ, ಕೇಳೋಕೆ ನಾಚಿಕೆ. ಅವತ್ತು ಶಾಲೆ ಮುಚ್ಚೋದು ಅಂತ ತೀರ್ಮಾನ ಮಾಡಿದ್ದೆ. ಹೆಂಡ್ತಿ ಅಡಿಕೆ ಕೊಯ್ಲು ಮುಗೀಲಿ ಆಮೇಲೆ ಮುಚ್ಚೋಣ ಅಂದ್ಲು, ಕೊಯ್ಲು ಮುಗಿಯೋ ಹೊತ್ತಿಗೆ ಇನ್ನಿಬ್ರು ಮಕ್ಕಳು ಸೇರಿದ್ರು.

2017ರ ಮಳೆಗಾಲ ಅನ್ಸುತ್ತೆ. ಕರೆಂಟ್ ಇಲ್ಲ, ಜಗಲೀಲಿ ಲಾಟೀನು ಇಟ್ಕೊಂಡು ತಂಗಿ ಮಗನಿಗೆ ಛಂದಸ್ಸಿನ ಹೋಮ್‌ವರ್ಕ್ ಹೇಳಿಕೊಡ್ತಿದ್ದೆ, ಪ್ರಸ್ತಾರ ಹಾಕೋದು, ಲಘು ಒಂದು ಮಾತ್ರೆ, ಅಂದ್ರೆ ಒಂದು ತಟ್ಟಿನಷ್ಟು ಹೊತ್ತು, ಗುರು ಎರಡು ಮಾತ್ರೆ, ಅದೇ. ಅವನಿಗೆ ಬೋರು. ಪಕ್ಕದಲ್ಲಿ ಕೂತಿದ್ದ ನಮ್ಮ ಹತ್ತು ವರ್ಷದ ಹುಡುಗ, ದೀರ್ಘ ಅನ್ನೋದನ್ನ ಜನ್ಮದಲ್ಲಿ ಸರಿ ಬರೆಯದೋನು, ಸುಮ್ನೆ ತೊಡೆ ಮೇಲೆ ತಟ್ತಿದ್ದ, ಮತ್ತೆ ಒಂದೂ ತಪ್ಪಿಲ್ಲ. "ಕತೆ"ಗೆ ಎರಡು, "ಕತ್ತೆ"ಗೆ ಮೂರು. "ಹಳಿ"ಗೆ ಎರಡು, "ಹಳ್ಳಿ"ಗೆ ಮೂರು. ಕಿವೀಲಿ ಎಲ್ಲಾ ಇದೆ ಮಾರಾಯ್ರೆ, ಕೈಗೆ ಇಳೀತಿಲ್ಲ ಅಷ್ಟೇ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತೆ ಅಂತ ನಾವು ಮಾರ್ಕ್ಸಿಗೋಸ್ಕರ ಬಾಯಿಪಾಠ ಮಾಡಿದ್ದು, ಇವನಿಗೆ ಅದೇ ಸೂಚನೆ: ತೂಕ ಜಾಸ್ತಿ ಬಂತು, ದೀರ್ಘ ಕೇಳ್ಲಿಲ್ಲ, ಅಂದ್ರೆ ಸಾಮಾನ್ಯವಾಗಿ ಮುಂದಿನ ಅಕ್ಷರದಲ್ಲಿ ಒತ್ತು ಕೂತಿದೆ.

ಮಾರನೇ ದಿನದಿಂದ ಕಾಗುಣಿತ ತಿದ್ದೋದು ಬಂದ್ ಮಾಡಿದೆ. ಮೊದಲು ತಟ್ಟು, ಆಮೇಲೆ ಹುಣಸೆ ಬೀಜ ಇಡು, ಲಘುವಿಗೆ ಒಂದು, ಗುರುವಿಗೆ ಜೋಡಿ, ಆಮೇಲೆ ಬೀಜ ನೋಡ್ಕೊಂಡು ಬರಿ. ನಾಲ್ಕು ತಿಂಗಳಿಗೆ ಆ ಹುಡುಗನ ಡಿಕ್ಟೇಶನ್ನಲ್ಲಿ ಇಪ್ಪತ್ತಕ್ಕೆ ಆರು ಏಳು ಬರ್ತಿದ್ದಿದ್ದು ಹದಿನಾಲ್ಕರ ಹತ್ರ ಬಂತು. ಪದಗಳನ್ನ ಯಾವ ಕ್ರಮದಲ್ಲಿ ಕೊಡ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ಏಳು ವರ್ಷ ತಿದ್ದಿದ ಪಟ್ಟಿ ಅದು, ಬೇಕಾದ್ರೆ ಬಂದು ಎರಡು ದಿನ ಇದ್ದು ನೋಡ್ಕೊಂಡು ಹೋಗಿ, ಊಟ ನಮ್ದು.

ಇದೇ ಖುಷೀಲಿ ಇರೋವಾಗ ಒಬ್ಳು ಹುಡುಗಿ ಊಟಕ್ಕೆ ಕೂತಾಗ ಕೇಳಿದ್ಲು, "ಅಣ್ಣ, ಹಾಲಿಗೂ ಮೂರು, ಹಲ್ಲಿಗೂ ಮೂರು, ಎರಡೂ ಒಂದೇ ಥರ ಬರೀಲಾ?" ನನ್ನ ತುತ್ತು ಅಲ್ಲೇ ನಿಂತುಹೋಯ್ತು. ಹೌದಲ್ಲ, ಎರಡೂ ಗುರು-ಲಘುನೇ. ಎರಡು ವಾರ ತಲೆ ಕೆಡಿಸ್ಕೊಂಡೆ. ಕೊನೆಗೆ ಸಿಕ್ಕಿದ್ದು: "ಹಾ"ಗೆ ಅಂಗೈಯನ್ನ ತೊಡೆ ಮೇಲೆ ಎಳೀಬೇಕು, "ಹಲ್ಲು"ಗೆ ತಟ್ಟಿ ಮುಷ್ಟಿ ಹಿಡೀಬೇಕು, ಯಾಕಂದ್ರೆ ಅಲ್ಲಿ ನಾಲಿಗೇನೂ ಹಿಡ್ಕೊಂಡು ನಿಲ್ಲುತ್ತೆ. ಎಳೆತ ಬಂದ್ರೆ ದೀರ್ಘ, ಮುಷ್ಟಿ ಬಂದ್ರೆ ಒತ್ತು. ಈ ಐಡಿಯಾದಲ್ಲಿ ಅರ್ಧ ಕ್ರೆಡಿಟ್ ಆ ಹುಡುಗೀದು.

ಅರ್ಕಾವೊತ್ತಿಗೆ ತಟ್ಟೋದು ಸಾಲಲ್ಲ. "ಸೂರ್ಯ"ದಲ್ಲಿ ರ್ ಮೊದಲು ಕೇಳುತ್ತೆ, ಬರೆಯೋದು ಯ ಆದ್ಮೇಲೆ, ನಮ್ಮೋರೆಲ್ಲ "ಸೂಯರ" ಅಂತ ಓದೋರು. ಮೂರು ಮಕ್ಕಳನ್ನ ಸಾಲಾಗಿ ನಿಲ್ಸಿ, ರ್ ಆದವನು ತನ್ನ ಸದ್ದು ಮಾಡಿ ಯ ಹಿಂದೆ ಓಡಿಹೋಗಿ ಬಗ್ಗಿ ನಿಲ್ಲೋದು. ಎಲ್ರಿಗೂ ರ್ ಆಗೋಕೇ ಇಷ್ಟ. ಮಹಾಪ್ರಾಣ ಮಾತ್ರ ಬಿಟ್ಟೇಬಿಟ್ವಿ. ಮನೇಲಿ ಧನಕ್ಕೂ ದನಕ್ಕೂ ಒಂದೇ ಸದ್ದು ಕೇಳಿ ಬೆಳೆದೋರಿಗೆ ಎಷ್ಟು ತಟ್ಟಿಸಿದ್ರೂ ಅಷ್ಟೇ. ಶುದ್ಧ ಕನ್ನಡದೋರು ಬೈತಾರೆ, ಬೈಲಿ.

ಒಬ್ರು ದೊಡ್ಡ ಸ್ಪೆಷಲಿಸ್ಟ್ ಇದನ್ನ ನೋಡಿ ನಕ್ರು, ಇದಕ್ಕೆ ಪುರಾವೆ ಎಲ್ಲಿದೆ ಅಂತ. ಅವ್ರು ಹೇಳಿದ್ದು ಸುಳ್ಳಲ್ಲ, ನನ್ನತ್ರ ಇರೋದು ಹದಿನಾಲ್ಕು ಮಕ್ಕಳು, ಒಂದಷ್ಟು ನೋಟ್‌ಬುಕ್ಕು. ಆದ್ರೆ ಅವ್ರು ಗಮನಿಸದ ವಿಷಯ ಒಂದಿದೆ. ಇದನ್ನೇ ದಿನಾ ಬಂದುಹೋಗೋ ಇಬ್ರು ಮಕ್ಕಳಿಗೆ ಒಂದು ಗಂಟೆ ಕ್ಲಾಸಾಗಿ ಮಾಡಿದೆ, ಆರು ತಿಂಗಳು, ಏನೂ ಹತ್ಲಿಲ್ಲ. ಹಾಸ್ಟೆಲ್ ಮಕ್ಕಳಿಗೆ ನಾನು ಕ್ಲಾಸೇ ಮಾಡಲ್ಲ. ಬೆಳಿಗ್ಗೆ ಕಷಾಯಕ್ಕೆ ಮುಂಚೆ ಹತ್ತು ನಿಮಿಷ, ಬಟ್ಟೆ ಒಗೆಯೋ ಕಲ್ಲಿನ ಹತ್ರ ಹತ್ತು ನಿಮಿಷ, ಊಟದ ಸಾಲಲ್ಲಿ, ರಾತ್ರಿ ಹಾಸಿಗೆ ಹಾಸೋವಾಗ. ಹತ್ತನೇ ನಿಮಿಷಕ್ಕೆ ನಿಲ್ಲಿಸ್ಬೇಕು, ಇನ್ನೂ ಬೇಕು ಅಂದ್ರೂ ಕೊಡಬಾರ್ದು. ಹಾಸ್ಟೆಲ್ ಇರೋದ್ರಿಂದ್ಲೇ ಇದು ಆಗಿದ್ದು.

ಈಗ ದುಡ್ಡಿನ ಕತೆ. ಫೀಸು ತಿಂಗಳಿಗೆ ಒಂಬತ್ತು ಸಾವಿರ, ಹದಿನಾಲ್ಕರಲ್ಲಿ ಐದು ಮಕ್ಕಳು ಅರ್ಧ ಕೊಡ್ತಾರೆ, ಇಬ್ರು ಏನೂ ಕೊಡಲ್ಲ. ಅಡುಗೆಮನೆಗೇ ನಲವತ್ತು ಸಾವಿರದ ಮೇಲೆ, ಟೀಚರ್ ಒಬ್ರು, ವಾರ್ಡನ್ ಒಬ್ಬ, ಅಡುಗೆಯವ್ರು ಸೇರಿ ಇನ್ನೊಂದು ಮೂವತ್ತೈದು. ಸಾಲದ ಕಂತು, ಮಿಕ್ಕ ಖರ್ಚು ಕಳೆದ್ರೆ ಉಳಿಯೋದು ಸೊನ್ನೆಗಿಂತ ಕೆಳಗೆ. ಅಡಿಕೆ ರೇಟು ಚೆನ್ನಾಗಿದ್ದ ವರ್ಷ ಶಾಲೆ ಚೆನ್ನಾಗಿರುತ್ತೆ, ಕೊಳೆರೋಗ ಬಂದ ವರ್ಷ ಸೊಸೈಟಿ ಸಾಲ. ಒಂದ್ಸಲ ಬಾತ್‌ರೂಮ್ ಕಟ್ಸೋಕೆ ನಾಲ್ಕೂವರೆ ಲಕ್ಷ ತಗೊಂಡಿದ್ದು ಈಗ್ಲೂ ಕಟ್ತಿದೀನಿ.

ಅಂಗವೈಕಲ್ಯ ಸರ್ಟಿಫಿಕೇಟ್ ಓಡಾಟ ಬೇರೆ. 1995ರ ಅಂಗವಿಕಲರ ಕಾಯ್ದೇಲಿ ಈ ಮಕ್ಕಳ ಹೆಸರೇ ಇರ್ಲಿಲ್ಲ, 2016ರ ಕಾಯ್ದೆ ಬಂದ್ಮೇಲೆ ಪಟ್ಟಿಗೆ ಸೇರಿದ್ರು, ಸಂತೋಷ. ಆದ್ರೆ ಎಂಟು ತುಂಬಿದ್ಮೇಲೆ ಒಂದ್ಸಲ, ಹದಿನಾಲ್ಕಕ್ಕೆ ಮತ್ತೆ, ಹದಿನೆಂಟಕ್ಕೆ ಮತ್ತೆ ಟೆಸ್ಟ್ ಮಾಡಿಸ್ಬೇಕು. ರಾತ್ರಿ ಬಸ್ಸು, ಲಾಡ್ಜು, ಅಪ್ಪ-ಅಮ್ಮನ ಕೂಲಿ ಎಲ್ಲಾ ಸೇರಿ ಒಂದು ಮಗುಗೆ ಐದಾರು ಸಾವಿರ. ಒಂದು ಆಸ್ಪತ್ರೇಲಿ ಮೂರು ಸಲ ವಾಪಸ್ ಕಳ್ಸಿ ಕೊನೆಗೆ ಕೊಟ್ಟ ಸರ್ಟಿಫಿಕೇಟಲ್ಲಿ ಮಗು ಹೆಸರಲ್ಲೇ ದೀರ್ಘ ಬಿಟ್ಟುಹೋಗಿತ್ತು. ಆ ಮಗುನೇ ತಟ್ಟಿ ತಪ್ಪು ಕಂಡುಹಿಡೀತು.

ಲೆಕ್ಕಕ್ಕೆ ಚೆನ್ನೆಮಣೆ (ಅಳಗುಳಿಮಣೆ) ಆಟದ ಪ್ರಯೋಗ ಮಾಡಿದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ, ಎಣಿಕೆ ಬರದೇ ಹೋಗುತ್ತಾ ಅಂದ್ಕೊಂಡೆ. ಬೆರಳು ಎಣಿಸಿ ಕೂಡೋ ಹುಡುಗ ಒಬ್ಬ ಇಡೀ ಊರನ್ನ ಸೋಲಿಸೋ ಹಾಗಾದ, ಕೂಡೋದು ಈಗ್ಲೂ ಬೆರಳಲ್ಲೇ. ಯಾಕೆ ಅಂತ ಇನ್ನೂ ಅರ್ಥ ಆಗಿಲ್ಲ. ಹೊಸ ಮಕ್ಕಳು ರಾತ್ರಿ ಅಳೋದಕ್ಕೆ ಮಾತ್ರ ಒಂದು ಉಪಾಯ ಸಿಕ್ಕಿದೆ, ಅದು ಹೆಂಡ್ತೀದು, ಹೇಳಬೇಡ ಅಂದಿದ್ದಾಳೆ.

ಇಂಗ್ಲಿಷಿಗೆ ಈ ತಟ್ಟೋದು ನಡೆಯಲ್ಲ, ಅಲ್ಲಿ ಕೇಳೋದೊಂದು ಬರೆಯೋದೊಂದು. ಎನ್‌ಐಒಎಸ್‌ನಲ್ಲಿ ಐದು ವಿಷಯಕ್ಕೆ ಒಂದು ಭಾಷೆ ಸಾಕು ಅಂತ ನಾಲ್ಕು ಜನಕ್ಕೂ ಕನ್ನಡ ತಗೊಳ್ಸಿ, ಹೋಮ್ ಸೈನ್ಸು, ಪೇಂಟಿಂಗು ಅಂತ ದಾಟಿಸಿದೆ. ಮುಂದೆ ಪಿಯುಸಿ ಅಂದಾಗ ಹೆಚ್ಚಿನ ಕಡೆ ಇಂಗ್ಲಿಷ್ ಬರುತ್ತೆ. ಯಾರಾದ್ರೂ ದಾರಿ ಕಂಡ್ಕೊಂಡಿದ್ರೆ ಹೇಳಿ. ನಾನೀಗ ವಾರ್ಡನ್ ಹುಡುಕೋಕೆ ಹೊರಟೆ, ಇದ್ದೋನು ತಂಗಿ ಮದ್ವೆ ಅಂತ ಹೋಗಿ ಮೂರು ವಾರ ಆಯ್ತು, ಫೋನ್ ಸ್ವಿಚ್ ಆಫ್.