ಬೀಗ ಬೀಳಬೇಕಾದದ್ದು ಫೋನಿನಲ್ಲೇ: ಎಪಿಐ ಎನ್‌ಕ್ರಿಪ್ಷನ್, ನನ್ನ ಅನುಭವ

ಆ್ಯಪ್ ಸರ್ವರ್ ಜೊತೆ ಮಾತಾಡುವ ದಾರಿ (ಎಪಿಐ) ಹಾದುಹೋಗುವ ಗೇಟ್‌ವೇಯ ಲಾಗ್ ತೆರೆದು ಬೇರೇನೋ ದೋಷ ಹುಡುಕುತ್ತಿದ್ದೆ. ಒಂದು ಸಾಲು ಕಣ್ಣಿಗೆ ಬಿತ್ತು: ಹೆಸರು, ವಯಸ್ಸು, ಊರು, ಎಚ್‌ಐವಿ ಪರೀಕ್ಷೆ, ಫಲಿತಾಂಶ. ವಿಫಲವಾದ ಪ್ರತಿ ರಿಕ್ವೆಸ್ಟ್ ಅನ್ನೂ ಪೂರ್ತಿಯಾಗಿ ಬರೆದಿಡುವಂತೆ ಯಾರೋ ಎಂದೋ ಹೊಂದಿಸಿ ಮರೆತಿದ್ದರು. ನಮ್ಮ ತಂಡದ ಆರು ಜನರಲ್ಲದೆ ಹೊರಗಿನ ಗುತ್ತಿಗೆಯ ಐವರಿಗೂ ಆ ಲಾಗ್ ಕಾಣುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾವು ರಕ್ತಪರೀಕ್ಷೆಯ ಕೇಂದ್ರಗಳಿಗೆ ತಂತ್ರಾಂಶ ಮಾಡುವವರು. ಲ್ಯಾಬಿನವರು ಫೋನಿನಲ್ಲಿ ಫಲಿತಾಂಶ ತುಂಬುತ್ತಾರೆ, ವೈದ್ಯರು ತಮ್ಮ ಫೋನಿನಲ್ಲಿ ನೋಡುತ್ತಾರೆ. "ಟಿಎಲ್‌ಎಸ್ 1.3 ಇದೆ, ಡಿಸ್ಕ್ ಕೂಡ ಎನ್‌ಕ್ರಿಪ್ಟ್ ಆಗಿದೆ. ಇನ್ನೇನು ಬೇಕು ನಿಮಗೆ?" ಎಂದು ನಮ್ಮ ಹಿರಿಯರು ಕೇಳಿದರು. ಟಿಎಲ್‌ಎಸ್ ಎಂದರೆ ದಾರಿಯಲ್ಲಿ ಡೇಟಾ ಕಾಯುವ ಬೀಗ; ನಮ್ಮಲ್ಲಿ ಅದು ಸರ್ವರ್‌ಗಳಿಗೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸರ್ ಬಳಿಯೇ ಮುಗಿಯುತ್ತದೆ. ಅಲ್ಲಿಂದ ಡಿಸ್ಕ್ ಮುಟ್ಟುವವರೆಗೆ ಗೇಟ್‌ವೇ, ಕ್ಯೂ, ವಿಫಲ ಸಂದೇಶಗಳ ಕ್ಯೂ, ನಿಗಾ ಸಾಧನ ಎಲ್ಲವೂ ವರದಿಯನ್ನು ಬಿಚ್ಚಿ ಓದಬಲ್ಲವು. ಮಾಹಿತಿ ಹುಟ್ಟುವ ಫೋನಿನಲ್ಲೇ ಬೀಗ ಬೀಳಬೇಕು, ವರದಿ ತಯಾರಿಸುವ ಒಂದೇ ಸರ್ವಿಸ್‌ನಲ್ಲಿ ತೆರೆಯಬೇಕು ಎಂದು ನಾನು ಪಟ್ಟು ಹಿಡಿದೆ.

ಆದರೆ ಮೊದಲು ಒಪ್ಪಿಗೆ ಸಿಕ್ಕಿದ್ದು ಗೇಟ್‌ವೇಯಲ್ಲಿ ಎನ್‌ಕ್ರಿಪ್ಟ್ ಮಾಡುವುದಕ್ಕೆ, ಆ್ಯಪ್ ಮುಟ್ಟಬೇಕಿಲ್ಲವಲ್ಲ ಎಂದು. ಮೂರು ವಾರ ವ್ಯರ್ಥವಾಯಿತು. ಲಾಗ್ ಬರೆಯುತ್ತಿದ್ದದ್ದೇ ಗೇಟ್‌ವೇ!

ಆಮೇಲೆ ಫೋನಿನಲ್ಲಿ ಆರ್‌ಎಸ್‌ಎ 2048 (ಸಾರ್ವಜನಿಕ ಕೀಯಿಂದ ಮುಚ್ಚಿ ಖಾಸಗಿ ಕೀಯಿಂದ ತೆರೆಯುವ ವಿಧಾನ) ಬಳಸಿ ನೇರವಾಗಿ ಎನ್‌ಕ್ರಿಪ್ಟ್ ಮಾಡಿ ನೋಡಿದೆ. ಪರೀಕ್ಷೆಯಲ್ಲಿ ಗೆದ್ದಿತು, ಕೇಂದ್ರದಲ್ಲಿ ಸೋತಿತು. ಒಎಇಪಿ ಎಂಬ ತುಂಬುವ ಕ್ರಮದ ಜೊತೆ ಎಸ್‌ಎಚ್‌ಎ 256 (ಡೇಟಾದಿಂದ ನಿಗದಿತ ಉದ್ದದ ಗುರುತು ಮಾಡುವ ಹ್ಯಾಶ್) ಇದ್ದರೆ ಒಂದು ಸಲಕ್ಕೆ ಹಿಡಿಸುವುದು 190 ಬೈಟ್ ಮಾತ್ರ. ನಾವು ಪರೀಕ್ಷಿಸಿದ್ದು ಇಂಗ್ಲಿಷ್ ಟಿಪ್ಪಣಿಗಳಲ್ಲಿ. ಕೇಂದ್ರದವರು ಬರೆದದ್ದು ಕನ್ನಡದಲ್ಲಿ. 'ರಕ್ತ' ಎಂಬ ಎರಡಕ್ಷರಕ್ಕೇ 12 ಬೈಟ್ ಬೇಕು. ರ, ಕ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ತ, ಒಂದೊಂದಕ್ಕೂ ಮೂರು. ಎರಡು ಸಾಲಿನ ಟಿಪ್ಪಣಿ ಬಂದರೆ ಆ್ಯಪ್ ಮುಚ್ಚಿಹೋಗುತ್ತಿತ್ತು.

ಹಾಗಾಗಿ ಈ ಕೆಲಸದವರಿಗೆಲ್ಲ ಗೊತ್ತಿರುವ ಲಕೋಟೆಯ ದಾರಿಗೆ ಬಂದೆ. ಪ್ರತಿ ವರದಿಗೂ ಫೋನಿನಲ್ಲೇ ಅದನ್ನು ಮುಚ್ಚಲು ಹೊಸ ಎಇಎಸ್ 256 ಕೀ, ತಿದ್ದಿದರೆ ಗೊತ್ತಾಗುವ ಜಿಸಿಎಂ ವಿಧಾನ, ಆ ಕೀಗೆ ಸರ್ವಿಸ್‌ನ ಸಾರ್ವಜನಿಕ ಕೀಯ ಮುಚ್ಚಳ. ಆಧಾರ್ ದೃಢೀಕರಣದಲ್ಲೂ ಕ್ರಮ ಇದೇ. ಸ್ವಂತ ವಿನ್ಯಾಸ ಬಿಟ್ಟು ಮುಚ್ಚಿದ ಡೇಟಾವನ್ನು ಹೇಗೆ ಕಟ್ಟಬೇಕೆಂಬ 2015ರ ಜೆಡಬ್ಲ್ಯುಇ ಮಾದರಿ ಹಿಡಿದದ್ದು ನಾನು ಮಾಡಿದ ಜಾಣತನ. ವೈದ್ಯರ ಕಡೆಗೆ ಹೋಗುವಾಗ ಅವರ ಫೋನಿನ ಸಾರ್ವಜನಿಕ ಕೀಯಿಂದ ಸರ್ವಿಸ್ ಮತ್ತೆ ಮುಚ್ಚುತ್ತದೆ. ವೆಬ್ ಪುಟಕ್ಕೆ ಮಾತ್ರ ಇದನ್ನು ಕೊಡಲಿಲ್ಲ. ಬೀಗ ಹಾಕುವ ಜಾವಾಸ್ಕ್ರಿಪ್ಟ್ ಬರುವುದೇ ಸರ್ವರ್‌ನಿಂದ; ಸರ್ವರ್ ಕೈವಶವಾದರೆ ಬೀಗವೂ ಹೋದಂತೆ.

ಹಣದ ಮಾತು. ಮೊದಲು ಸರ್ವರ್‌ನಲ್ಲಿ ಪ್ರತಿ ಅಂಕಣವನ್ನೂ ಬೇರೆ ಬೇರೆಯಾಗಿ ಕೀಗಳನ್ನು ಕಾಯುವ ಕ್ಲೌಡ್ ಸೇವೆಗೆ (ಕೆಎಂಎಸ್) ಕಳಿಸಿ ತೆರೆಸುತ್ತಿದ್ದೆ. ಒಂದು ಪಟ್ಟಿಯಲ್ಲಿ 20 ವರದಿ, ಒಂದೊಂದರಲ್ಲಿ ಹದಿನೆಂಟು ಅಂಕಣ. ಪರದೆ ತೆರೆದರೆ 360 ಕರೆ. ಹತ್ತು ಸಾವಿರ ಕರೆಗೆ ಮೂರು ಸೆಂಟ್ ಎಂದರೆ ಅಗ್ಗ ಅನ್ನಿಸುತ್ತದೆ. ತಿಂಗಳಿಗೆ ಹತ್ತು ಕೋಟಿ ದಾಟಿದಾಗ ಬಿಲ್ಲು ಸುಮಾರು 27 ಸಾವಿರ ರೂಪಾಯಿ ಬಂತು. "ನಾನು ಹೇಳಲಿಲ್ಲವೇ" ಎಂದರು ಹಿರಿಯರು. ಈಗ ವರದಿಗೊಂದೇ ಕೀ, ಅದೂ ವೈದ್ಯರು ವರದಿಯನ್ನು ಒತ್ತಿದಾಗ ಮಾತ್ರ. ಬಿಲ್ಲು ಇನ್ನೂರು ರೂಪಾಯಿ ದಾಟುವುದಿಲ್ಲ. ಪಟ್ಟಿಯನ್ನು ಏನೂ ತೆರೆಯದೆ ತೋರಿಸುವ ಉಪಾಯ ಒಂದಿದೆ, ಅದು ನನ್ನಲ್ಲೇ ಇರಲಿ.

ನಾನು ಬೆಚ್ಚಿಬಿದ್ದದ್ದು ಇನ್ನೊಂದು ತಪ್ಪಿಗೆ. ಡೇಟಾಬೇಸ್‌ನಲ್ಲಿ ಒಬ್ಬರ ಮುಚ್ಚಿದ ವರದಿಯನ್ನು ಇನ್ನೊಬ್ಬರ ಸಾಲಿಗೆ ಅಂಟಿಸಿ ನೋಡಿದೆ. ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತು! ಗುಟ್ಟು ಉಳಿದಿತ್ತು, ವರದಿ ಮಾತ್ರ ಬೇರೆಯವರದು. ಈಗ ವರದಿಯ ಸಂಖ್ಯೆ ಜೆಡಬ್ಲ್ಯುಇ ಶಿರೋಭಾಗದಲ್ಲಿದೆ. ಅದನ್ನು ಯಾರೂ ತಿದ್ದುವಂತಿಲ್ಲ, ತಿದ್ದಿದರೆ ವರದಿ ತೆರೆಯುವುದೇ ಇಲ್ಲ. ತೆರೆದ ಮೇಲೂ ಸಾಲಿನ ಸಂಖ್ಯೆಯ ಜೊತೆ ತಾಳೆ ನೋಡುತ್ತೇವೆ. ಈ ತಾಳೆ ನೋಡದಿದ್ದರೆ ಉಳಿದದ್ದೆಲ್ಲ ದಂಡ.

ಎಲ್ಲವೂ ಮುಚ್ಚಿಹೋದದ್ದರಿಂದ ಮೊಬೈಲ್ ಸಂಖ್ಯೆಯಿಂದ ಹುಡುಕುವುದು ನಿಂತುಹೋಗಿತ್ತು. ಸಂಖ್ಯೆಯ ಬರೀ ಎಸ್‌ಎಚ್‌ಎ 256 ಹ್ಯಾಶ್ ಇಟ್ಟರೆ ಸಾಕು ಎಂದರು ಒಬ್ಬರು. ಭಾನುವಾರ ಕೂತು 6ರಿಂದ 9ರವರೆಗೆ ಶುರುವಾಗುವ ನಾನೂರು ಕೋಟಿ ಸಂಖ್ಯೆಗಳನ್ನೂ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ, ಒಂದು ಗಂಟೆಯೊಳಗೆ ಮುಗಿಯಿತು. ಅಂದರೆ ಯಾವ ಹ್ಯಾಶ್ ಯಾರ ಸಂಖ್ಯೆಯದು ಎಂದು ಯಾರು ಬೇಕಾದರೂ ಪತ್ತೆಹಚ್ಚಬಹುದು. ಬೇರೆ ಕೀ ಇಟ್ಟು ಎಚ್‌ಎಂಎಸಿ (ಗುಟ್ಟಿನ ಕೀ ಬೆರೆಸಿದ ಹ್ಯಾಶ್) ಮಾಡಿದ ಮೇಲೆ ಆ ಚರ್ಚೆ ನಿಂತಿತು. ಡೇಟಾ ಗಾತ್ರವೂ ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64ರಿಂದ ಮೂರನೇ ಒಂದರಷ್ಟು ಉಬ್ಬಿತ್ತು. ಮುಚ್ಚಿದ ಡೇಟಾವನ್ನು ಜಿಜಿಪ್ ಕುಗ್ಗಿಸಲಾರದು. ಫೋನಿನಲ್ಲಿ ಮೊದಲು ಕುಗ್ಗಿಸಿ ಆಮೇಲೆ ಮುಚ್ಚಿದಾಗ ಮೊದಲಿಗಿಂತಲೂ ಚಿಕ್ಕದಾಯಿತು.

ಆಡಳಿತದವರನ್ನು ಒಪ್ಪಿಸಿದ್ದು ಗ್ರಾಹಕರ ಒಪ್ಪಿಗೆಯ ಮೇಲೆ ಬ್ಯಾಂಕ್ ವಿವರ ಸಾಗಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯ ಉದಾಹರಣೆ. ಅಲ್ಲಿ ಬ್ಯಾಂಕ್ ವಿವರ ನಡುವಿನ ಸಂಸ್ಥೆಯ ಮೂಲಕವೇ ಹಾದು ಹೋಗುತ್ತದೆ, ಅದನ್ನು ಓದಲು ಅದಕ್ಕೆ ಆಗದು. ನಮ್ಮ ಗೇಟ್‌ವೇಯೂ ಹಾಗೆಯೇ ಇರಲಿ ಎಂದೆ. ಹದಿನಾಲ್ಕು ತಿಂಗಳಿಂದ ನಡೆಯುತ್ತಿದೆ, ತಡವಾಗುವುದು ವರದಿಗೆ ಹೆಚ್ಚೆಂದರೆ ನಲವತ್ತು ಮಿಲಿಸೆಕೆಂಡ್.

ಮಾಡಹೊರಟವರಿಗೆ ಒಂದು ಮಾತು: ಕೀ ಬದಲಿಸಿದ ದಿನವೇ ಹಳೆಯದನ್ನು ಅಳಿಸಬೇಡಿ. ನೆಟ್‌ವರ್ಕ್ ಸಿಗದ ಮಲೆನಾಡಿನ ಕೇಂದ್ರವೊಂದರಿಂದ ನಮಗೆ ಒಂಬತ್ತು ದಿನ ಹಳೆಯ ವರದಿಗಳು ಒಟ್ಟಿಗೆ ಬಂದವು, ಎಲ್ಲವೂ ಹಳೆಯ ಕೀಯಲ್ಲಿ ಮುಚ್ಚಿದವು. ಕೀ ಉಳಿದಿದ್ದರಿಂದ ಯಾರೂ ಮತ್ತೆ ರಕ್ತ ಕೊಡಬೇಕಾಗಲಿಲ್ಲ. ಈಗ 45 ದಿನ ಇಟ್ಟುಕೊಳ್ಳುತ್ತೇನೆ.