ಆಲೂಗಡ್ಡೆ ಯಾರ ಲೆಕ್ಕಕ್ಕೆ? ಪಿಷ್ಟದ ತರಕಾರಿ, ಸಿಹಿ ಹಣ್ಣು ತಿನ್ನುವ ಕ್ರಮ

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮರುದಿನವೇ ಬಾಳೆಹಣ್ಣು, ಮಾವು, ಗೆಣಸು, ಆಲೂಗಡ್ಡೆ ಎಲ್ಲವನ್ನೂ ಬಿಟ್ಟುಬಿಡುವವರು ಬಹಳ ಜನ. ಅಷ್ಟು ಕಠಿಣ ಪಥ್ಯ ಬೇಕಿಲ್ಲ. ಪೊಟ್ಯಾಶಿಯಂ, ನಾರು, ಸಿ ವಿಟಮಿನ್ ಇವುಗಳಿಂದಲೂ ಸಿಗುತ್ತವೆ. ಎಡವಟ್ಟಾಗುವುದು ಲೆಕ್ಕದಲ್ಲಿ. ತಟ್ಟೆಯಲ್ಲಿ ಅನ್ನ ಇರುತ್ತದೆ, ಪಕ್ಕದಲ್ಲಿ ಆಲೂಗಡ್ಡೆ ಇರುತ್ತದೆ, ‘ತರಕಾರಿ ತಿಂದೆ’ ಎಂದುಕೊಳ್ಳುತ್ತೇವೆ. ರಕ್ತದಲ್ಲಿ ಮಾತ್ರ ಅದು ಇನ್ನೊಂದು ತುತ್ತು ಅನ್ನವೇ. ಆಲೂಗಡ್ಡೆ, ಗೆಣಸು, ಮೆಕ್ಕೆಜೋಳದ ಕಾಳು, ಹಸಿ ಬಟಾಣಿಗಳನ್ನು ಧಾನ್ಯದ ಲೆಕ್ಕಕ್ಕೆ ಸೇರಿಸಿ. ಸೊಪ್ಪು, ಬೀನ್ಸ್, ಸೌತೆ, ಕೋಸು ಬೇರೆ ಲೆಕ್ಕ.

ಅಡುಗೆ ತಕ್ಕಡಿ ಒಂದಿರಲಿ. ಕಣ್ಣಳತೆ ಬರುವವರೆಗೆ ಎರಡು ವಾರವಾದರೂ ತೂಗಿ. 15 ಗ್ರಾಂ ಕಾರ್ಬೋಹೈಡ್ರೇಟನ್ನು (ಪಿಷ್ಟ, ಸಕ್ಕರೆ ಎಲ್ಲ ಸೇರಿ) ಒಂದು ‘ಪಾಲು’ ಎಂದು ಹಿಡಿದರೆ ಸುಮಾರಾಗಿ ಹೀಗೆ ಬರುತ್ತದೆ:

ಬೇಯಿಸಿದ ಆಲೂಗಡ್ಡೆ 75 ಗ್ರಾಂ
ಬೇಯಿಸಿದ ಗೆಣಸು 85 ಗ್ರಾಂ
ಬೇಯಿಸಿದ ಹಸಿ ಬಟಾಣಿ 100 ಗ್ರಾಂ
ಸಿಪ್ಪೆ ತೆಗೆದ ಬಾಳೆಹಣ್ಣು 65 ಗ್ರಾಂ
ದ್ರಾಕ್ಷಿ 85 ಗ್ರಾಂ
ಮಾವಿನ ತಿರುಳು 100 ಗ್ರಾಂ
ಸೇಬು 110 ಗ್ರಾಂ
ಕಲ್ಲಂಗಡಿ 200 ಗ್ರಾಂ
ಒಣದ್ರಾಕ್ಷಿ ಅಥವಾ ಖರ್ಜೂರ 20 ಗ್ರಾಂ

ಬೀಟ್‌ರೂಟ್, ಕ್ಯಾರೆಟ್ ಸಿಹಿಯೆಂದು ಹೆದರುವವರಿದ್ದಾರೆ. ಅವುಗಳಲ್ಲಿ ಒಂದು ಪಾಲು ಆಗಬೇಕಾದರೆ 150 ಗ್ರಾಂ ತಿನ್ನಬೇಕು. ಮಾಮೂಲಿ ಪ್ರಮಾಣದಲ್ಲಿ ಚಿಂತೆ ಬೇಡ.

ಒಂದು ಊಟಕ್ಕೆ ನಿಮಗೆ ಎಷ್ಟು ಪಾಲು ಎಂಬುದನ್ನು ವೈದ್ಯರು ಅಥವಾ ಆಹಾರತಜ್ಞರು ನಿಮ್ಮ ಔಷಧಿ, ತೂಕ, ದುಡಿಮೆ ನೋಡಿ ಹೇಳಬೇಕು. ಆ ಸಂಖ್ಯೆ ಗೊತ್ತಾದ ಮೇಲೆ ಕೆಲಸ ಸುಲಭ: ಒಂದನ್ನು ಬಡಿಸಿಕೊಂಡರೆ ಇನ್ನೊಂದನ್ನು ತೆಗೆಯಿರಿ. 75 ಗ್ರಾಂ ಆಲೂಗಡ್ಡೆ ತಟ್ಟೆಗೆ ಬಂದರೆ 50–55 ಗ್ರಾಂ ಅನ್ನ ಕೆಳಗಿಳಿಯಬೇಕು. ಊಟವಾದ ಮೇಲೆ ಮಾವು ತಿನ್ನುವ ಆಸೆಯಿದ್ದರೆ ಅದರ ಜಾಗವನ್ನು ಮೊದಲೇ ಖಾಲಿ ಬಿಡಿ. ಹೊಟ್ಟೆತುಂಬ ಉಂಡ ಮೇಲೆ ತಿನ್ನುವ ‘ಬರೀ ಒಂದು ಹಣ್ಣು’ ಶುಗರ್ ಏರಿಸುವಷ್ಟು ಬೇರೇನೂ ಏರಿಸುವುದಿಲ್ಲ ಎನ್ನಿಸುವುದು ಹೀಗೆ ಜಾಗ ಬಿಡದೆ ತಿನ್ನುವುದಕ್ಕೇ, ತಪ್ಪು ಹಣ್ಣಿನದಲ್ಲ.

ಬೇಯಿಸುವ ರೀತಿಯೂ ಮುಖ್ಯ. ಆಲೂಗಡ್ಡೆಯನ್ನು ಸಿಪ್ಪೆಸಮೇತ ಇಡಿಯಾಗಿ ಬೇಯಿಸಿದರೆ ಸಿ ವಿಟಮಿನ್ ನೀರಿಗೆ ಹೋಗುವುದು ಕಡಿಮೆ. ಬೆಂದದ್ದನ್ನು ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟರೆ ಪಿಷ್ಟದ ಸ್ವಲ್ಪ ಭಾಗ ಮತ್ತೆ ಬಿಗಿಯಾಗಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಸಾಗುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಲಾಭ ಸಣ್ಣದು, ಅದನ್ನು ನೆಚ್ಚಿ ಎರಡು ಪಾಲು ತಿನ್ನಬೇಡಿ. ನುಣ್ಣಗೆ ಹಿಸುಕಿದರೆ ಜೀರ್ಣ ಬೇಗ, ಏರಿಕೆಯೂ ಬೇಗ. ಗೆಣಸನ್ನು ನಿಧಾನವಾಗಿ ಸುಟ್ಟಾಗ ಅದರೊಳಗಿನ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ, ಸುಟ್ಟ ಗೆಣಸು ಅಷ್ಟು ಸಿಹಿ ಆಗಿರುವುದು ಅದರಿಂದ. ಶುಗರ್ ನೋಡಿಕೊಳ್ಳುವವರಿಗೆ ಬೇಯಿಸಿದ್ದೇ ಮೇಲು. ಕಿತ್ತಳೆ ಬಣ್ಣದ ಗೆಣಸಿಗೆ, ಕ್ಯಾರೆಟ್‌ಗೆ ಒಂದು ಚಮಚ ಎಣ್ಣೆ ಸೇರಲಿ; ಅವುಗಳಲ್ಲಿರುವ, ಮೈಯಲ್ಲಿ ಎ ವಿಟಮಿನ್ ಆಗುವ ಬೀಟಾ ಕ್ಯಾರೋಟಿನ್ ಮೈಗೆ ಹತ್ತಲು ಕೊಬ್ಬು ಬೇಕು.

ಬಾಳೆಹಣ್ಣಿನಲ್ಲಿ ಚುಕ್ಕೆ ಬಿದ್ದು ಪೂರ್ತಿ ಕಳಿತದ್ದಕ್ಕಿಂತ ಗಟ್ಟಿಯಾಗಿರುವುದನ್ನು ಆರಿಸಿ. ಹಣ್ಣಾದಂತೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಜ್ಯೂಸ್ ಮಾತ್ರ ದಿನಬಳಕೆಗೆ ಬೇಡವೇ ಬೇಡ: 240 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಸುಮಾರು 26 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ನಾರು ಹೆಚ್ಚುಕಡಿಮೆ ಇಲ್ಲ, ಒಂದು ನಿಮಿಷದಲ್ಲಿ ಕುಡಿದು ಮುಗಿಯುತ್ತದೆ.

ಊಟದಲ್ಲಿ ಮೊದಲು ಸೊಪ್ಪು-ತರಕಾರಿ, ಆಮೇಲೆ ಕಾಳು, ಮೊಟ್ಟೆ ಅಥವಾ ಮೀನು, ಕೊನೆಗೆ ಪಿಷ್ಟ. ಈ ಕ್ರಮದಲ್ಲಿ ಉಂಡರೆ ಏರಿಕೆ ತಗ್ಗುತ್ತದೆ. ಉಂಡ ಮೇಲೆ 10–15 ನಿಮಿಷ ನಡೆದಾಡಿ.

ಇದು ನಿಮಗೆ ಒಗ್ಗಿತೇ ಎಂದು ಗ್ಲುಕೋಮೀಟರ್ ಹೇಳಬೇಕು. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಮತ್ತೊಮ್ಮೆ ನೋಡಿ. ಗರ್ಭಿಣಿಯರನ್ನು ಬಿಟ್ಟು ಬಹುತೇಕ ವಯಸ್ಕರಿಗೆ ಊಟಕ್ಕೆ ಮುಂಚೆ 80–130 (ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ), ಆಮೇಲೆ 180ಕ್ಕಿಂತ ಕಡಿಮೆ ಎಂಬ ಗುರಿ ಕೊಡುತ್ತಾರೆ. ನಿಮ್ಮ ಗುರಿ ಬೇರೆ ಇದ್ದರೆ ಅದೇ ಇರಲಿ. ಹಣ್ಣು ಹೆಚ್ಚಿದ ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಂಡೇ ಚುಚ್ಚಿ. ಬೆರಳಿಗಂಟಿದ ರಸ ಸುಳ್ಳು ಏರಿಕೆ ತೋರಿಸುತ್ತದೆ. ಅದನ್ನು ನಂಬಿ ಹೆಚ್ಚು ಇನ್ಸುಲಿನ್ ತೆಗೆದುಕೊಂಡರೆ ಅಪಾಯ.

ಇನ್ಸುಲಿನ್ ಅಥವಾ ಮೈಯಲ್ಲಿ ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುವ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಪಿಷ್ಟವನ್ನು ದಿಢೀರನೆ ಕಡಿತಗೊಳಿಸಿ ಔಷಧಿ ಅಷ್ಟೇ ಮುಂದುವರಿಸಿದರೆ ಶುಗರ್ ಕುಸಿಯಬಹುದು. ಮೊದಲು ವೈದ್ಯರಿಗೆ ತಿಳಿಸಿ. 70ಕ್ಕಿಂತ ಕೆಳಗಿಳಿದಾಗ ಮಾತ್ರ ಜ್ಯೂಸ್ ಔಷಧಿಯಾಗುತ್ತದೆ: 120 ಮಿಲಿಲೀಟರ್ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಅಕಾರ್ಬೋಸ್ ತೆಗೆದುಕೊಳ್ಳುವವರು ಮಾಮೂಲಿ ಸಕ್ಕರೆಯನ್ನು ನೆಚ್ಚಬಾರದು, ಅದು ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ, ಗ್ಲುಕೋಸ್ ಜೊತೆಗಿಟ್ಟುಕೊಳ್ಳಿ.

ಮೂತ್ರಪಿಂಡದ ಕೆಲಸ ಕುಗ್ಗಿ ಪೊಟ್ಯಾಶಿಯಂ ಕಡಿಮೆ ಮಾಡಲು ಹೇಳಿದ್ದರೆ ಮೇಲಿನ ಸಿಪ್ಪೆಯ ಮಾತು ತಿರುಗುಮುರುಗಾಗುತ್ತದೆ. ಆಲೂಗಡ್ಡೆಯ ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ. ಬಾಳೆಹಣ್ಣು ಎಷ್ಟು ತಿನ್ನಬಹುದು ಎಂಬುದನ್ನು ರಕ್ತಪರೀಕ್ಷೆಯ ವರದಿ ಹಿಡಿದುಕೊಂಡು ವೈದ್ಯರಲ್ಲೇ ಕೇಳಿ.