ಹವಳದ ಟ್ಯಾಂಕಿನಲ್ಲಿ ಪಾಚಿ: ಕೀಳುವುದರ ಜೊತೆಗೆ ಅದರ ಊಟವನ್ನೂ ನಿಲ್ಲಿಸಿ

ಉಪ್ಪುನೀರಿನ ಅಕ್ವೇರಿಯಂ ಶುರುವಾದ ಕೆಲವು ತಿಂಗಳಿಗೆ ಬಂಡೆಗಳ ಮೇಲೆ ಹಸಿರು ನೂಲು ಏಳುತ್ತದೆ. ಮೊದಮೊದಲು ನೋಡಲು ಚೆಂದವೇ. ಹಾಗೇ ಬಿಟ್ಟರೆ ಬೆರಳುದ್ದ ಬೆಳೆದು ಹವಳಗಳ ಬುಡ ಸುತ್ತಿಕೊಳ್ಳುತ್ತದೆ, ಹವಳ ಅರಳುವುದನ್ನೇ ನಿಲ್ಲಿಸುತ್ತದೆ. ಆಗ ಅಂಗಡಿಗೆ ಓಡಿ 'ಪಾಚಿ ಔಷಧ' ತರುವುದು ದೊಡ್ಡ ತಪ್ಪು. ಸತ್ತ ಪಾಚಿ ಅಲ್ಲೇ ಕೊಳೆತು, ತಾನು ಹೀರಿದ್ದ ನೈಟ್ರೇಟ್, ಫಾಸ್ಫೇಟ್ ಎಂಬ ಪೋಷಕಾಂಶವನ್ನೆಲ್ಲ ನೀರಿಗೆ ವಾಪಸು ಬಿಡುತ್ತದೆ. ಮೂರೇ ವಾರದಲ್ಲಿ ಹೊಸ ಬೆಳೆ ಬರುತ್ತದೆ.

ಕೆಳಗಿನ ಲೆಕ್ಕವೆಲ್ಲ, ಬಂಡೆ ಮರಳು ಕಳೆದು ನಿಜವಾಗಿ 200 ಲೀಟರ್ ನೀರು ಹಿಡಿಯುವ ಟ್ಯಾಂಕಿನದ್ದು. ನಿಮ್ಮ ಟ್ಯಾಂಕಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲು ಗುರುತು ಹಿಡಿಯಿರಿ

ಹೊಸ ಟ್ಯಾಂಕಿನ ಗಾಜು, ಮರಳಿನ ಮೇಲೆ ಕಂದು ಪುಡಿ ಉದುರಿಸಿದಂತೆ ಕಂಡರೆ ಅದು ಡಯಾಟಮ್. ನೀರಿನ ಸಿಲಿಕೇಟ್ ಮುಗಿದಂತೆ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಕೆಂಪು-ನೇರಳೆ ಬಣ್ಣದ, ಹಾಲಿನ ಕೆನೆಯಂತೆ ಹಾಳೆಯಾಗಿ ಏಳುವ ಲೋಳೆ ಸಯನೋಬ್ಯಾಕ್ಟೀರಿಯಾ. ಗಾಜಿನ ಗೋಲಿಯಂಥ ಹಸಿರು ಗುಳ್ಳೆ ವಲೋನಿಯಾ. ಹಕ್ಕಿಯ ಗರಿಯಂತೆ ಎರಡೂ ಬದಿಗೆ ಎಳೆ ಬಿಟ್ಟಿದ್ದರೆ ಬ್ರಯಾಪ್ಸಿಸ್. ಗರಿಯ ಆಕಾರವಿಲ್ಲದೆ ಬರೀ ಕೂದಲಿನಂತಿದ್ದರೆ ಸಾಮಾನ್ಯ ಹಸಿರು ನೂಲುಪಾಚಿ.

ಇನ್ನೊಂದಿದೆ, ಅದರ ಬಗ್ಗೆ ವಿಶೇಷ ಎಚ್ಚರ ಬೇಕು: ಕಂದು ಸಿಂಬಳದಂತೆ ಜೋತು ಬಿದ್ದು, ಎಳೆಯ ತುದಿಯಲ್ಲಿ ಗಾಳಿಗುಳ್ಳೆ ಹಿಡಿದು, ರಾತ್ರಿ ಕಡಿಮೆಯಾಗಿ ಮಧ್ಯಾಹ್ನಕ್ಕೆ ಮತ್ತೆ ಹಾಜರಾಗುವ ಡೈನೊಫ್ಲಾಜೆಲೇಟ್. ಅನುಮಾನವಿದ್ದರೆ ಸ್ವಲ್ಪ ಲೋಳೆಯನ್ನು ನೀರಿನ ಸಮೇತ ಸೀಸೆಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿಡಿ. ಒಂದು ಗಂಟೆಯೊಳಗೆ ಮತ್ತೆ ದಾರ ಕಟ್ಟಿಕೊಂಡರೆ ಅದು ಡೈನೊ ಎಂದೇ ಹಿಡಿಯಿರಿ. ಇದಕ್ಕೆ ಮದ್ದು ಉಳಿದವಕ್ಕೆ ತದ್ವಿರುದ್ಧ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಪೂರ್ತಿ ಬರಿದಾದಾಗಲೇ ಇದು ಸಾಮಾನ್ಯವಾಗಿ ಮೇಲುಗೈ ಪಡೆಯುತ್ತದೆ. ಹಾಗಾಗಿ ನೀರು ಬದಲಾವಣೆ ನಿಲ್ಲಿಸಿ, ನೈಟ್ರೇಟನ್ನು 5–10, ಫಾಸ್ಫೇಟನ್ನು 0.05–0.1 ಪಿಪಿಎಂಗೆ (ಅಂದರೆ ಲೀಟರಿಗೆ ಅಷ್ಟು ಮಿಗ್ರಾಂ) ಏರಿಸಬೇಕು. ಇದನ್ನು ತಿಂದ ಬಸವನಹುಳಗಳು ಸಾಯುವುದೂ ಉಂಟು.

ನೀರು ಎಲ್ಲಿಂದ ಬರುತ್ತಿದೆ?

ನಮ್ಮ ಮನೆಗಳಲ್ಲಿ ಪಾಚಿಯ ಬುಡ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಹಲವೆಡೆ 500 ದಾಟುತ್ತದೆ. ಅಡುಗೆಮನೆಯ ಆರ್‌ಓ ಇದೆಯಲ್ಲ ಎನ್ನುತ್ತಾರೆ. ಆದರೆ ಅದರೊಳಗೆ ಟಿಡಿಎಸ್ ಕಂಟ್ರೋಲರ್ ಇದ್ದರೆ, ನೀರು ರುಚಿಯಾಗಿರಲೆಂದು ಶೋಧಿಸದ ನೀರನ್ನೇ ಸ್ವಲ್ಪ ಬೆರೆಸುತ್ತದೆ. ಮಿನರಲ್ ಕಾರ್ಟ್ರಿಜ್ ಬೇರೆ. ಕುಡಿಯಲು ಸರಿ, ಹವಳಕ್ಕೆ ಆಗದು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 3 ಲೀಟರ್ ಆವಿಯಾದರೆ ತಿಂಗಳಿಗೆ 90 ಲೀಟರ್ ಸಿಹಿನೀರು ಸುರಿಯುತ್ತೀರಿ. ಅದರಲ್ಲಿ ಲೀಟರಿಗೆ 20 ಮಿಗ್ರಾಂ ನೈಟ್ರೇಟ್ ಇದ್ದರೆ 1800 ಮಿಗ್ರಾಂ ಒಳಗೆ ಹೋಯಿತು. ನೀರು ಆರಿ ಹೋಗುತ್ತದೆ, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ಮೀನಿಗೆ ಒಂದು ಚಿಟಿಕೆ ಆಹಾರ ಹಾಕದಿದ್ದರೂ ತಿಂಗಳಿಗೆ 9 ಪಿಪಿಎಂ ಏರಿಕೆ! ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ನೈಟ್ರೇಟ್ ಮಿತಿಯೇ 45 ಮಿಗ್ರಾಂ ಎಂಬುದು ನೆನಪಿರಲಿ.

ಪರಿಹಾರ: ಟಿಡಿಎಸ್ ಕಂಟ್ರೋಲರ್ ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಜ್ ತೆಗೆಸಿ, ಆರ್‌ಓ ಆದಮೇಲೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ತುಂಬಿದ ಕ್ಯಾನಿಸ್ಟರ್ ಜೋಡಿಸಿ. ಕೊನೆಯಲ್ಲಿ ಟಿಡಿಎಸ್ ಮೀಟರ್ 0 ತೋರಿಸಬೇಕು. 2 ಅಥವಾ 3 ತೋರಿಸಲು ಶುರುವಾದ ದಿನವೇ ರೆಸಿನ್ ಬದಲಿಸಿ. ರೆಸಿನ್ ಸೋತಾಗ ಮೊದಲು ಜಾರಿಕೊಳ್ಳುವವುಗಳಲ್ಲಿ ಸಿಲಿಕೇಟ್ ಒಂದು. ಹಳೆಯ ಟ್ಯಾಂಕಿನಲ್ಲಿ ಇದ್ದಕ್ಕಿದ್ದಂತೆ ಕಂದು ಪುಡಿ ಕಂಡರೆ ಮೊದಲು ರೆಸಿನ್ ನೋಡಿ.

ಟೆಸ್ಟ್ ಕಿಟ್ಟಿನ ಸೊನ್ನೆಯನ್ನು ನಂಬಬೇಡಿ

ಬಂಡೆ ತುಂಬ ಪಾಚಿ, ಕಿಟ್ಟಿನಲ್ಲಿ ನೈಟ್ರೇಟ್ 0. ಬಹಳ ಜನ ಗೊಂದಲಕ್ಕೆ ಬೀಳುವುದು ಇಲ್ಲಿ. ಕಿಟ್ ಅಳೆಯುವುದು ನೀರಿನಲ್ಲಿ ಉಳಿದದ್ದನ್ನು, ಪಾಚಿ ಆಗಲೇ ತಿಂದದ್ದನ್ನಲ್ಲ. ನಿಮ್ಮ ಗುರಿ ನೈಟ್ರೇಟ್ 2–10 ಪಿಪಿಎಂ, ಫಾಸ್ಫೇಟ್ 0.03–0.1 ಪಿಪಿಎಂ. ಫಾಸ್ಫೇಟಿಗೆ ಬಣ್ಣ ಹೋಲಿಸುವ ಕಿಟ್ ಸಾಲದು. ಹಾನ್ನಾ ಕಂಪನಿಯ ಅಲ್ಟ್ರಾ ಲೋ ಫಾಸ್ಫರಸ್ ಮೀಟರ್ ಇದ್ದರೆ, ಅದು ಕೊಡುವ ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿ. 10 ಎಂದು ಬಂದರೆ ಫಾಸ್ಫೇಟ್ ಸುಮಾರು 0.03.

ಕೈಯಿಂದಲೇ ತೆಗೆಯಿರಿ

ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಯಾಕೆಂದರೆ ಪಾಚಿಯ ಜೊತೆ ಅದು ಹೀರಿಕೊಂಡ ಪೋಷಕಾಂಶವೂ ಮನೆಯಿಂದ ಹೊರಗೆ ಹೋಗುತ್ತದೆ. ಹೊಸ ಟೂತ್‌ಬ್ರಷ್ ಒಂದನ್ನು 12 ಮಿಮೀ ಪೈಪಿಗೆ ಎರಡು ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿಯಿರಿ. ಬ್ರಷ್ಷಿನ ಹಲ್ಲು ಪೈಪಿನ ಬಾಯಿಗಿಂತ ಒಂದು ಸೆಂಟಿಮೀಟರ್ ಮುಂದಿರಲಿ. ಪೈಪಿನ ಇನ್ನೊಂದು ತುದಿ ಬಕೆಟ್ಟಿನಲ್ಲಿ, 10 ಮೈಕ್ರಾನ್ ಚೀಲದೊಳಗೆ. ವೇವ್‌ಮೇಕರ್ (ನೀರು ಓಡಿಸುವ ಪಂಪು) ನಿಲ್ಲಿಸಿ, ಸೈಫನ್ ಶುರುಮಾಡಿ, ಆಮೇಲೆ ಉಜ್ಜಿ. ಕಿತ್ತ ಎಳೆ ಕೈ ತಪ್ಪುವ ಮೊದಲೇ ಪೈಪಿನೊಳಗೆ ಸೇರುತ್ತದೆ. ಬರೀ ಬ್ರಷ್ ಹಿಡಿದು ತಿಕ್ಕಿದರೆ ತುಂಡುಗಳು ಟ್ಯಾಂಕೆಲ್ಲ ಹರಡಿ ಹೊಸ ಜಾಗದಲ್ಲಿ ಹತ್ತಿಕೊಳ್ಳುತ್ತವೆ. ಚೀಲದಲ್ಲಿ ಸೋಸಿದ ನೀರನ್ನು ವಾಪಸು ಹಾಕಬಹುದು. ವಲೋನಿಯಾ ಗುಳ್ಳೆಯನ್ನು ಮಾತ್ರ ಒಡೆಯಬೇಡಿ, ಬುಡದಲ್ಲಿ ಉಗುರು ಹಾಕಿ ಇಡಿಯಾಗಿ ಬಿಡಿಸಿ.

ಪೋಷಕಾಂಶ ಹೊರಹಾಕುವುದು

ವಾರಕ್ಕೆ 40 ಲೀಟರ್ ನೀರು ಬದಲಿಸಿ. ಅಷ್ಟಕ್ಕೆ ಸುಮಾರು ಒಂದೂವರೆ ಕೆಜಿ ಉಪ್ಪಿನ ಮಿಶ್ರಣ ಬೇಕು. ಲವಣಾಂಶ 35 ಪಿಪಿಟಿ (ಸಾವಿರದಲ್ಲಿ 35 ಪಾಲು) ಬಂದಿದೆಯೇ ಅಳೆದೇ ಸುರಿಯಿರಿ. 40 ಪಿಪಿಎಂ ನೈಟ್ರೇಟ್ ಇದ್ದರೆ ಒಂದು ಬದಲಾವಣೆಗೆ 32 ಆಗುತ್ತದೆ, ನಾಲ್ಕು ವಾರಕ್ಕೆ 16ರ ಸುಮಾರಿಗೆ ಬರುತ್ತದೆ. ಈ ನಡುವೆ ಹೊಸದಾಗಿ ಸೇರುವುದನ್ನು ಇಲ್ಲಿ ಹಿಡಿದಿಲ್ಲ. ಗಾಳಿಗುಳ್ಳೆಯ ನೊರೆಯಲ್ಲಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರಿನ ಕತ್ತನ್ನು ಮೂರು ದಿನಕ್ಕೊಮ್ಮೆ ಒರೆಸಿ. ಅಲ್ಲಿ ಜಿಡ್ಡು ಕೂತರೆ ನೊರೆ ಮೇಲೇರುವುದಿಲ್ಲ. ಫಿಲ್ಟರ್ ಚೀಲಕ್ಕೂ ಅದೇ ಮೂರು ದಿನದ ಗಡುವು.

ಫಾಸ್ಫೇಟ್ ಹಟಮಾರಿ. ಅದು ಬಂಡೆಯ ಸುಣ್ಣಕ್ಕೆ ಅಂಟಿಕೊಂಡಿರುತ್ತದೆ. ನೀರಿನಲ್ಲಿ ಇಳಿಸಿದರೆ ಬಂಡೆ ಮತ್ತೆ ಬಿಡುತ್ತದೆ. ಜಿಎಫ್‌ಓ ಎಂಬ, ಫಾಸ್ಫೇಟ್ ಹೀರುವ ಕಬ್ಬಿಣದ ಹರಳನ್ನು 50 ಗ್ರಾಂ ಮಾತ್ರ, ಕೆಂಪು ನೀರು ಹೋಗುವವರೆಗೆ ತೊಳೆದು, ರಿಯಾಕ್ಟರಿನಲ್ಲಿ (ನೀರು ಹಾಯಿಸುವ ಕೊಳವೆಯಲ್ಲಿ) ಹಾಕಿ. ಒಮ್ಮೆಲೇ ಹೆಚ್ಚು ಹಾಕಿದರೆ ಫಾಸ್ಫೇಟ್ ಧಡಕ್ಕನೆ ಕುಸಿದು ಹವಳದ ತುದಿಗಳು ಬೆಳ್ಳಗಾಗುತ್ತವೆ. ಬಂಡೆಯನ್ನೇ ಬದಲಿಸುವುದಾದರೆ ಸೆರಾಮಿಕ್ ಬಂಡೆ ಕೊಳ್ಳಿ. ನಮ್ಮ ಸಮುದ್ರದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತ ಹವಳದ ತುಂಡನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ಟ್ಯಾಂಕಿನ ಕೆಳಗೆ ಸಂಪ್ (ಫಿಲ್ಟರ್, ಪಂಪುಗಳನ್ನಿಡುವ ಇನ್ನೊಂದು ತೊಟ್ಟಿ) ಇದ್ದರೆ ಒಂದು ಕೋಣೆಯಲ್ಲಿ ಕೀಟೊಮಾರ್ಫ ಬೆಳೆಸಿ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರಿನಂತೆ ಸುತ್ತಿಕೊಂಡ, ಮುಟ್ಟಿದರೆ ಗರಿಗರಿ ಎನಿಸುವ ಒಳ್ಳೆಯ ಪಾಚಿ ಇದು. ಮೇಲಿನ ದೀಪ ಆರಿದಾಗ ಇದರ ದೀಪ ಉರಿಯಲಿ, ರಾತ್ರಿ ಪಿಎಚ್ ಬೀಳುವುದೂ ತಗ್ಗುತ್ತದೆ. ಕೋಣೆ ತುಂಬಿದಾಗ ಅರ್ಧ ಕಿತ್ತು ಬಿಸಾಡಿ. ಕಾಲರ್ಪಾ ಬೇಡ, ಅದು ಒಂದೇ ರಾತ್ರಿಯಲ್ಲಿ ಬಿಳುಚಿ ಕರಗಿ ಹಿಡಿದಿಟ್ಟದ್ದನ್ನೆಲ್ಲ ನೀರಿಗೆ ಚೆಲ್ಲಬಹುದು.

ಆಹಾರ, ಬೆಳಕು, ಮೇಯುವವರು

ಫ್ರೋಜನ್ ಆಹಾರದ ಗಡ್ಡೆಯನ್ನು ಜರಡಿಯಲ್ಲಿಟ್ಟು ಕರಗಿಸಿ, ರಸ ಚೆಲ್ಲಿ, ಮೀನು ಎರಡು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಪೂರ್ಣ ಬೆಳಕು ದಿನಕ್ಕೆ 8 ಗಂಟೆ ಸಾಕು. ಕಿಟಕಿಯ ಬಿಸಿಲು ನೇರ ಬೀಳದಿರಲಿ. ನೀರಿನ ಓಟ ಗಂಟೆಗೆ 4000 ಲೀಟರಿಗಿಂತ ಕಡಿಮೆ ಬೇಡ. ಕೆಂಪು ಲೋಳೆ ಪದೇಪದೇ ಒಂದೇ ಮೂಲೆಯಲ್ಲಿ ಬಂದರೆ ಅಲ್ಲಿ ನೀರು ಆಡುತ್ತಿಲ್ಲ ಎಂದರ್ಥ.

ಟ್ರೋಕಸ್, ಸೆರಿತ್ ಜಾತಿಯ ಎಂಟು–ಹತ್ತು ಬಸವನಹುಳ ಬಿಡಿ, ಬಿಡುವ ಮೊದಲು ಒಂದು ಗಂಟೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬೆರೆಸಿ ಅವನ್ನು ಹೊಂದಿಸಿ. ಇವು ಗಿಡ್ಡ ಪಾಚಿಯನ್ನೇ ಚೆನ್ನಾಗಿ ಮೇಯುವುದು. ಆದ್ದರಿಂದ ಮೊದಲು ಕಿತ್ತು, ಆಮೇಲೆ ಇವನ್ನು ತನ್ನಿ. ಟ್ಯಾಂಗ್ ಮೀನಿಗೆ 200 ಲೀಟರ್ ಇಕ್ಕಟ್ಟು, ಪಾಚಿ ತಿನ್ನುತ್ತದೆಂಬ ಆಸೆಗೆ ತಂದು ಹಿಂಸೆ ಕೊಡಬೇಡಿ.

ಬ್ರಯಾಪ್ಸಿಸ್ ಒಂದಕ್ಕೆ ಮಾತ್ರ ಔಷಧದ ದಾರಿ ಹಿಡಿಯಬಹುದು: ಫ್ಲುಕೊನಜೋಲ್, ಲೀಟರಿಗೆ 5 ಮಿಗ್ರಾಂ. ಅಂದರೆ 150 ಮಿಗ್ರಾಂನ ಏಳು ಕ್ಯಾಪ್ಸೂಲ್, ಒಮ್ಮೆ. ಇದು ವೈದ್ಯರ ಚೀಟಿ ಬೇಕಾದ ಔಷಧ. ಫಿಲ್ಟರಿನ ಕಾರ್ಬನ್ (ಇದ್ದಿಲು) ಮತ್ತು ಕೀಟೊಮಾರ್ಫ ತೆಗೆದಿಟ್ಟು, ಎರಡು ವಾರ ನೀರು ಬದಲಿಸದೆ ಕಾಯಿರಿ. ಬಿಳುಚಿದ ಎಳೆಗಳನ್ನು ಸೈಫನ್ನಿನಿಂದ ಎಳೆಯುತ್ತಿರಿ.

ಆರರಿಂದ ಎಂಟು ವಾರಕ್ಕೆ ಬಂಡೆ ಬೋಳಾಗುತ್ತದೆ, ಅಲ್ಲಲ್ಲಿ ಕುಂಕುಮ ಚೆಲ್ಲಿದಂತೆ ಕೋರಲಿನ್ ಎಂಬ ಒಳ್ಳೆಯ ಪಾಚಿಯ ಚುಕ್ಕೆಗಳು ಮೂಡುತ್ತವೆ. ಅದನ್ನು ತಿಕ್ಕಬೇಡಿ. ಇದೇ ಹೊತ್ತಿಗೆ ಸೊನ್ನೆಯಿದ್ದ ನೈಟ್ರೇಟ್ 4–5ಕ್ಕೆ ಏರಿದರೆ ಗಾಬರಿ ಬೇಡ. ತಿನ್ನುವ ಪಾಚಿ ಹೋಗಿ, ಕಿಟ್ ಈಗ ನಿಜವಾದ ಅಂಕಿ ತೋರಿಸುತ್ತಿದೆ. ಫಾಸ್ಫೇಟ್ 0.03ಕ್ಕೆ ಇಳಿದ ದಿನ ಜಿಎಫ್‌ಓ ಅರ್ಧ ಮಾಡಿ.